ಒಂದೇ ಮಗು ಎಂಟು ಸಲ ಹುಟ್ಟುವ ಜಿಲ್ಲೆ

ಬಾಗಲಕೋಟೆ ಜಿಲ್ಲೆಯಲ್ಲಿ ಯಾರಿಗೂ ಬಿಪಿ ಇಲ್ಲ. ನಾನು ಹೇಳುತ್ತಿಲ್ಲ, ನರ್ಸಿಂಗ್ ವಿದ್ಯಾರ್ಥಿಗಳ ಕೇಸ್ ಬುಕ್ ಹೇಳುತ್ತಿದೆ.

ಯಾರ ಪುಸ್ತಕ ಬೇಕಾದರೂ ತೆಗೆಯಿರಿ. ಬಿಪಿ 120/80. ನಾಡಿ 72. ಉಸಿರು 18. ಟೆಂಪರೇಚರ್ 98.6. ಬಾದಾಮಿಯ ಗೌಂಡಿಗೂ ಅದೇ. ಹುನಗುಂದದ ತೊಗರಿ ರೈತನಿಗೂ ಅದೇ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಧೂಳು ಕುಡಿದು ಕೆಮ್ಮುತ್ತ ಬಂದವನಿಗೂ ಅದೇ. ಲಕ್ವ ಹೊಡೆದು ಬಿದ್ದವನಿಗೂ ಅದೇ. ಇಷ್ಟು ಗಟ್ಟಿಮುಟ್ಟಾದ ಜನ ಆಸ್ಪತ್ರೆಯಲ್ಲಿ ಯಾಕೆ ಮಲಗಿದ್ದಾರೆ ಎಂದು ಸಹಿ ಹಾಕುವ ಮೇಡಂ ಕೇಳಿದ್ದಿಲ್ಲ. ಅವರು ಪುಟ ಎಣಿಸುತ್ತಾರೆ. ಮಾರ್ಜಿನ್ ಸರಿಯಾಗಿ ಎಳೆದಿದೆಯೇ ನೋಡುತ್ತಾರೆ. ಸಹಿ ಜಡಿಯುತ್ತಾರೆ.

ಹೆರಿಗೆ ಪುಸ್ತಕ ಇದಕ್ಕಿಂತ ಚೆಂದ. ಪಾಸಾಗಬೇಕಾದರೆ ಇಂತಿಷ್ಟು ಹೆರಿಗೆ ಮಾಡಿಸಿರಬೇಕು ಎಂಬುದು ನಿಯಮ. ತಾಯಿಯ ಐಪಿ (ಒಳರೋಗಿ) ನಂಬರ್, ಹೆರಿಗೆಯಾದ ಹೊತ್ತು, ಮಗುವಿನ ತೂಕ ಎಲ್ಲ ಬರೆಯಬೇಕು. ರಾತ್ರಿ ಎರಡಕ್ಕೆ ಒಂದು ಹೆರಿಗೆಯಾಯಿತು ಅನ್ನಿ. ಮಾಡಿಸಿದವರು ಡ್ಯೂಟಿ ಸಿಸ್ಟರ್. ಪಕ್ಕದಲ್ಲಿ ನಿಂತು ನೋಡಿದವಳು ಒಬ್ಬಳು. ಬಾಗಿಲ ಹೊರಗೆ ನಿಂತು ಕೂಗು ಕೇಳಿದವರು ಮೂವರು. ಹಾಸ್ಟೆಲಿನಲ್ಲಿ ಹೊದ್ದು ಮಲಗಿದ್ದವರು ನಾಲ್ವರು. ಬೆಳಗಾಗುವುದರೊಳಗೆ ಆ ಐಪಿ ನಂಬರ್ ವಾಟ್ಸಾಪಿನಲ್ಲಿ ಓಡಾಡಿ ಎಂಟೂ ಪುಸ್ತಕ ಸೇರುತ್ತದೆ. ಒಂದೇ ಮಗು ಎಂಟು ಸಲ ಹುಟ್ಟುತ್ತದೆ. ಎಂಟು ಸಲವೂ ಎರಡೂ ಮುಕ್ಕಾಲು ಕೆಜಿ. ತಾಯಿಗೆ ನೋವು ಒಂದೇ ಸಲ, ಅವಳ ಪುಣ್ಯ.

ಆ ಎಂಟರಲ್ಲಿ ಮೂವರು ಹುಡುಗರು. ನಮ್ಮ ಕಡೆಯ ನರ್ಸಿಂಗ್ ಕಾಲೇಜುಗಳಲ್ಲಿ ಹುಡುಗರಿಗೇನು ಬರವಿಲ್ಲ. ಆದರೆ ಲೇಬರ್ ರೂಮಿನ ಹೊಸ್ತಿಲು ದಾಟಲು ಅವರನ್ನು ಸಿಸ್ಟರ್ ಬಿಡುವುದಿಲ್ಲ, ಹೆರುವವಳ ಅತ್ತೆಯಂತೂ ಬಿಡುವ ಮಾತೇ ಇಲ್ಲ. ಹೊಸ್ತಿಲು ದಾಟದವನ ಪುಸ್ತಕದಲ್ಲೂ ಹೆರಿಗೆಗಳ ಲೆಕ್ಕ ಪಕ್ಕಾ. ಮುಂದೆ ಅವನು ರಿಜಿಸ್ಟರ್ಡ್ ನರ್ಸ್. ಜೊತೆಗೆ ರಿಜಿಸ್ಟರ್ಡ್ ಮಿಡ್‌ವೈಫ್. ನರ್ಸಿಂಗ್ ಕೌನ್ಸಿಲ್ ಕೊಟ್ಟ ಕಾಗದದಲ್ಲಿ ಹಾಗೆಂದು ಬರೆದಿರುತ್ತದೆ. ಕಾಗದದಲ್ಲಿದ್ದ ಮೇಲೆ ಆಯಿತಲ್ಲ.

ಓದಿಗೂ ವಾರ್ಡಿಗೂ ನಡುವೆ ಅಂತರ ಬೆಳೆದಿದೆ ಎಂದು ಸೆಮಿನಾರ್ ಮಾಡುತ್ತಾರೆ. ಬ್ಯಾನರ್ ಕಟ್ಟುತ್ತಾರೆ, ಬ್ಯಾಗು ಪೆನ್ನು ಹಂಚುತ್ತಾರೆ, ಊಟಕ್ಕೆ ಹೋಳಿಗೆ. ಅಂತರವಂತೆ. ಯಾರೂ ನೋಡದಿದ್ದಾಗ ತಾನಾಗಿ ಬೆಳೆಯಲು ಅದೇನು ಜಾಲಿಕಂಟಿಯೇ? ಕಾಲೇಜಿಗೆ ಫೈಲು ಬೇಕು. ಆಸ್ಪತ್ರೆಗೆ ಪುಕ್ಕಟೆ ಕೈಗಳು ಬೇಕು. ಕೌನ್ಸಿಲ್ಲಿಗೆ ಶುಲ್ಕ ಬೇಕು. ವಿದ್ಯಾರ್ಥಿಗೆ ಸಹಿ ಬೇಕು. ನಾಲ್ವರಿಗೂ ಬೇಕಾದ್ದು ಸಿಗುತ್ತಿದೆ. ರೋಗಿಗೆ ನರ್ಸ್ ಬೇಕು. ಅವನನ್ನು ಈ ಮೀಟಿಂಗಿಗೆ ಯಾರೂ ಕರೆದಿಲ್ಲ.

ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ‘ರಿಯಾಲಿಟಿ ಶಾಕ್’ ಎಂಬ ಪುಸ್ತಕ ಬರೆದರು. ಕಾಲೇಜಿನಲ್ಲಿ ಕಲಿತದ್ದು ಒಂದು, ವಾರ್ಡಿನಲ್ಲಿ ಕಂಡದ್ದು ಇನ್ನೊಂದು, ಆ ಪೆಟ್ಟು ತಾಳದೆ ಹೊಸ ನರ್ಸುಗಳು ಕೆಲಸ ಬಿಟ್ಟು ಹೋಗುತ್ತಾರೆ ಎಂಬುದು ಅದರ ತಿರುಳು. ಐವತ್ತು ವರ್ಷ ದಾಟಿತು. ನಾವು ಅದಕ್ಕೆ ಪರಿಹಾರ ಕಂಡುಕೊಂಡಿದ್ದೇವೆ. ಐದು ಮಾರ್ಕ್ಸಿನ ಟಿಪ್ಪಣಿ ಮಾಡಿ ಬಾಯಿಪಾಠ ಮಾಡಿಸುತ್ತೇವೆ.

ಕಾಲೇಜಿನ ಲ್ಯಾಬಿಗೆ ಬನ್ನಿ. ಅಲ್ಲೊಬ್ಬ ರೋಗಿ ಇದ್ದಾನೆ. ಪ್ಲಾಸ್ಟಿಕ್ಕಿನವನು. ಬಹಳ ಸಭ್ಯ. ವಾಂತಿ ಮಾಡುವುದಿಲ್ಲ, ಕೈ ಕೊಸರುವುದಿಲ್ಲ, ಅವನ ಕಡೆಯವರು ಟ್ರ್ಯಾಕ್ಟರಿನಲ್ಲಿ ಬಂದು ಗಲಾಟೆ ಎಬ್ಬಿಸುವುದಿಲ್ಲ. ಅವನ ಹಾಸಿಗೆಯ ಚಾದರದ ಮೂಲೆಯನ್ನು ಸರಿಯಾಗಿ ನಲವತ್ತೈದು ಡಿಗ್ರಿಗೆ ಮಡಚಬೇಕು. ತಪ್ಪಿದರೆ ಮಾರ್ಕ್ಸ್ ಕಟ್. ಅದನ್ನು ಕಲಿತು ವಾರ್ಡಿಗೆ ಹೋದ ಹುಡುಗಿಗೆ ಮಡಚಲು ಚಾದರವೇ ಸಿಗುವುದಿಲ್ಲ. ಮಂಚದ ಮೇಲೆ ರೋಗಿಯ ಮನೆಯಿಂದ ತಂದ ಕೌದಿ. ಕೌದಿಯ ಮೂಲೆ ಮಡಚುವ ವಿಧಾನ ಸಿಲಬಸ್ಸಿನಲ್ಲಿಲ್ಲ.

ಸಿಲಬಸ್ಸಿನ ತಪ್ಪು ಅಂತ ಹೇಳಬೇಡಿ. 2021ರಲ್ಲಿ ಬಿಎಸ್‌ಸಿ ನರ್ಸಿಂಗ್‌ಗೆ ಹೊಸ ಸಿಲಬಸ್ ಬಂತು. ಸೆಮಿಸ್ಟರ್ ಬಂತು, ಕ್ರೆಡಿಟ್ ಬಂತು, ಸಿಮ್ಯುಲೇಷನ್ ಬಂತು. ಓದಿದರೆ ಸ್ವಿಟ್ಜರ್ಲೆಂಡಿನಲ್ಲಿ ಕಾಯಿಲೆ ಬಿದ್ದ ಹಾಗೆ ಅನಿಸುತ್ತದೆ. ಗೊಂಬೆಯೂ ಬಂತು. ಎಷ್ಟೋ ಕಡೆ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರ ಕಣ್ಣಿಗೆ ಹೊಸದಾಗಿ ಕಾಣಬೇಕಲ್ಲ.

ಕೈ ತೊಳೆಯುವುದನ್ನು ಮರೆತೆ. ಅದಕ್ಕೆ ಏಳು ಹೆಜ್ಜೆ. ಯಾವಾಗ ತೊಳೆಯಬೇಕು ಎನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಐದು ಸಂದರ್ಭ. ಹುಡುಗಿ ತಪ್ಪದೆ ಒಪ್ಪಿಸುತ್ತಾಳೆ. ವಾರ್ಡಿನಲ್ಲಿ ನೀರು ಬಂದ ದಿನ ಸೋಪಿರುವುದಿಲ್ಲ, ಸೋಪಿಟ್ಟ ದಿನ ನೀರು ಬರುವುದಿಲ್ಲ. ಏಳು ಹೆಜ್ಜೆಯ ಪೋಸ್ಟರ್ ಮಾತ್ರ ಮೂರೂ ಶಿಫ್ಟಿನಲ್ಲಿ ಹಾಜರ್. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ದೊಡ್ಡ ಪಾಲನ್ನೇ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಜನ ನಾವು. ನಮ್ಮ ಮಕ್ಕಳು ಗಾಳಿಯಲ್ಲಿ ಕೈ ತೊಳೆಯುವುದನ್ನು ಕಲಿಯುತ್ತಿದ್ದಾರೆ.

ಕಸದ ಪಾಠವೂ ಹೀಗೆಯೇ. 2016ರ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ. ನಡುರಾತ್ರಿ ಎಬ್ಬಿಸಿ ಕೇಳಿದರೂ ಯಾವುದರಲ್ಲಿ ಏನು ಅಂತ ಹೇಳುತ್ತಾರೆ. ಸಂಜೆಯಾದರೆ ನಾಲ್ಕೂ ಬಣ್ಣ ಒಂದೇ ಗಾಡಿಯಲ್ಲಿ ಬೀಳುವುದನ್ನೂ ಅವರೇ ನೋಡುತ್ತಾರೆ. ಎರಡರಲ್ಲಿ ಯಾವ ಪಾಠ ಮನಸ್ಸಿನಲ್ಲಿ ಉಳಿಯುತ್ತದೆ, ನೀವೇ ಹೇಳಿ.

ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಕಂಡದ್ದು. ಹುನಗುಂದ ಕಡೆಯ ಮುದುಕ, ವಾಂತಿಭೇದಿ ಆಗಿ ಒಣಗಿದ್ದ. ಮಂಚದ ಸುತ್ತ ಬಿಳಿ ಕೋಟಿನ ಹುಡುಗ ಹುಡುಗಿಯರ ಜಾತ್ರೆ. ಒಬ್ಬರಾದ ಮೇಲೆ ಒಬ್ಬರು ತೋಳಿಗೆ ಪಟ್ಟಿ ಸುತ್ತಿ, ಬಲ್ಬ್ ಒತ್ತಿ, ಬಿಚ್ಚಿ ಹೋಗುತ್ತಿದ್ದರು. ಮುದುಕ ತಾಳುವಷ್ಟು ತಾಳಿ ಕೇಳಿಯೇ ಬಿಟ್ಟ.

“ಯವ್ವಾ, ಮುಂಜಾನಿಂದ ಹನ್ನೊಂದು ಮಂದಿ ಈ ತೋಳ ಹಿಂಡೀರಿ. ಏನರ ಸಿಕ್ಕತೇನ ಅದರಾಗ?”

“ಪ್ರಾಕ್ಟೀಸ್ ಮಾಡಾಕತ್ತೀವಿ ಅಜ್ಜಾ.”

“ಮಾಡ್ರವ್ವಾ, ಬ್ಯಾಡ ಅನ್ನಂಗಿಲ್ಲ. ಖರೇ, ಆ ಬಾಟ್ಲಿ ತೀರಿ ಭಾಳ ಹೊತ್ತಾತು. ರಗತ ಮ್ಯಾಲ ಏರಾಕತ್ತೈತಿ. ಅದನ್ನೊಂಚೂರ ನೋಡ್ರಿ.”

ಹುಡುಗಿ ನೋಡಿದಳು. ನಳಿಕೆಯಲ್ಲಿ ಕೆಂಪು ಏರಿತ್ತು. “ಅದನ್ನ ನಾವು ಮುಟ್ಟಂಗಿಲ್ಲ ಅಜ್ಜಾ. ನಮಗ ಇವತ್ತ ಬಿಪಿ ಅಷ್ಟ.”

ಕಸ ಹೊಡೆಯುತ್ತಿದ್ದ ಆಯಾ ಕಸಬರಿಗೆಯನ್ನು ಗೋಡೆಗೆ ಆನಿಸಿ ಬಂದು, ಗಾಲಿ ತಿರುಗಿಸಿ ಸಲಾಯಿನ್ ನಿಲ್ಲಿಸಿದಳು. ಆಮೇಲೆ ಕಸಬರಿಗೆ ತೆಗೆದುಕೊಂಡು ಹೋದಳು. ಹನ್ನೊಂದು ಪುಸ್ತಕದಲ್ಲಿ ಮುದುಕನ ಬಿಪಿ ಎಷ್ಟೆಂದು ಬರೆದಿತ್ತು ಅಂತ ಬೇರೆ ಹೇಳಬೇಕಿಲ್ಲ.

ಆ ಹುಡುಗಿಯನ್ನು ಬೈಯಬೇಡಿ. ಅವಳು ವಿಧೇಯ ವಿದ್ಯಾರ್ಥಿ. ಸೋಮವಾರ ಬಿಪಿ, ಮಂಗಳವಾರ ಟೆಂಪರೇಚರ್ ಎಂದು ಟೈಮ್ ಟೇಬಲ್ ಹಾಕಿಕೊಟ್ಟವರು ಬೇರೆ. ರೋಗಿಯ ದೇಹ ಟೈಮ್ ಟೇಬಲ್ ಓದಿಲ್ಲ, ಅಷ್ಟೇ. ಹಾಗಂತ ಆಯಾಳನ್ನು ಹೊಗಳಿ ಹಾರ ಹಾಕಲು ಹೊರಡಬೇಡಿ. ವಾರ್ಡಿನಲ್ಲಿ ಗೊತ್ತಿದ್ದವರು ಕೈಕಟ್ಟಿ ನಿಂತು, ಗೊತ್ತಿಲ್ಲದವರು ಮಾಡುತ್ತ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದೂ ಇದೇ ಜಿಲ್ಲೆಗೆ ಗೊತ್ತಿದೆ. 2024ರ ಮೇ ತಿಂಗಳಲ್ಲಿ ಮಹಾಲಿಂಗಪುರದಲ್ಲಿ ಗರ್ಭಪಾತ ಮಾಡಿಸಿಕೊಂಡ ಮಹಾರಾಷ್ಟ್ರದ ಹೆಣ್ಣುಮಗಳೊಬ್ಬಳು ಸತ್ತಳು. ಪೊಲೀಸರು ಹಿಡಿದದ್ದು ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಮಹಿಳೆಯನ್ನು. ಮನೆಯಲ್ಲೇ ಕಾರಭಾರ ನಡೆದಿತ್ತು ಎಂದು ಸುದ್ದಿಯಾಯಿತು. ನಾಲ್ಕು ದಿನ ದಾಳಿ, ಬೀಗ, ಸೀಲು, ಫೋಟೊ. ಆಸ್ಪತ್ರೆಯ ಕೆಲಸ ಕಲಿಯದವರ ಕೈಗೆ ಹೇಗೆ ಹೋಗುತ್ತದೆ ಎಂದು ಯಾರೂ ಸೆಮಿನಾರ್ ಮಾಡಲಿಲ್ಲ. ಹೋಳಿಗೆ ಗಂಟಲಲ್ಲಿ ಇಳಿಯುವ ವಿಷಯವಲ್ಲವಲ್ಲ.

ಈಗ ಪಾಠ ಹೇಳುವವರ ವಿಷಯಕ್ಕೆ ಬರೋಣ. ಇಲ್ಲಿ ನಿಜವಾದ ಚಮತ್ಕಾರ ಇದೆ.

ನಮ್ಮಲ್ಲಿ ನರ್ಸಿಂಗ್ ಕಲಿಸುವವರು ರೋಗಿಯನ್ನು ಮುಟ್ಟುವುದಿಲ್ಲ. ರೋಗಿಯನ್ನು ಮುಟ್ಟುವವರು ಕಲಿಸುವುದಿಲ್ಲ. ಎರಡೂ ಬೇರೆ ಜಾತಿ. ಬಿಎಸ್‌ಸಿ ಮುಗಿಸಿ ಎಂಎಸ್‌ಸಿ ಸೇರಲು ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ ಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಒಳ್ಳೆಯ ನಿಯಮ. ಅನುಭವಕ್ಕೆ ಒಂದು ವರ್ಷ ಬೇಕು, ಅನುಭವ ಪತ್ರಕ್ಕೆ ಒಂದು ಲೆಟರ್‌ಹೆಡ್ ಸಾಕು. ಎಂಎಸ್‌ಸಿ ಆದ ಮರುದಿನ ಲೆಕ್ಚರರ್. ಆಮೇಲೆ ಕೈಗೆ ಚಾಕ್‌ಪೀಸ್ ಬರುತ್ತದೆ, ಕೈಯಿಂದ ಸೂಜಿ ಹೋಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಅವರೇ ಮಕ್ಕಳಿಗೆ ಐವಿ ಹಾಕುವುದು ಹೇಗೆ ಎಂದು ಬೋರ್ಡಿನ ಮೇಲೆ ಹದಿನಾರು ಅಂಶ ಬರೆಸುತ್ತಾರೆ.

ಅದೇ ಹೊತ್ತಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಸವೆಸಿದ ಸಿಸ್ಟರ್ ಒಬ್ಬರಿರುತ್ತಾರೆ. ಭೇದಿಯಾಗಿ ರಕ್ತನಾಳವೆಲ್ಲ ಕುಗ್ಗಿಹೋದ ಮಗುವನ್ನು ತಂದರೆ, ಹರಿದ ಗ್ಲೌಸನ್ನೇ ತೋಳಿಗೆ ಬಿಗಿದು, ಬೆರಳಿಂದ ಎರಡು ಸಲ ತಟ್ಟಿ, ಮಗುವಿನ ತಾಯಿಗೆ “ಆ ಕಡೆ ಮಾರಿ ಮಾಡವ್ವಾ” ಎಂದು ಹೇಳುವುದರೊಳಗೆ ಸೂಜಿ ಹೋಗಿ ಕೂತಿರುತ್ತದೆ. ಹದಿನಾರು ಅಂಶದಲ್ಲಿ ಅವರು ಒಂಬತ್ತನ್ನು ಬಿಟ್ಟಿರುತ್ತಾರೆ. ಯಾವ ಒಂಬತ್ತನ್ನು ಬಿಟ್ಟರೆ ಮಗು ಬದುಕುತ್ತದೆ, ಯಾವುದನ್ನು ಬಿಟ್ಟರೆ ಸೋಂಕು ತಗಲುತ್ತದೆ ಎಂಬುದು ಅವರಿಗೆ ಗೊತ್ತು. ಅದನ್ನು ಮಕ್ಕಳಿಗೆ ಹೇಳಿಕೊಡಲು ಅವರಿಗೆ ಪುರಸೊತ್ತಿಲ್ಲ, ಹೇಳಿಕೊಟ್ಟರೆ ಸಂಬಳವಿಲ್ಲ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವರ ಮಾತಿಗೆ ಬೆಲೆಯಿಲ್ಲ. ಅವರು ಡಿಪ್ಲೊಮಾ. ಎಕ್ಸಾಮಿನರ್ ಪಿಎಚ್‌ಡಿ.

ಆಗುವುದಿಲ್ಲವೇ ಎಂದರೆ ಆಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) 1946ರಿಂದ ಬಿಎಸ್‌ಸಿ ನರ್ಸಿಂಗ್ ನಡೆದಿದೆ. ಅಲ್ಲಿ ಪಾಠ ಹೇಳುವವರಿಗೆ ವಾರ್ಡಿನ ಜವಾಬ್ದಾರಿಯೂ ಇರುತ್ತದೆ. ತರಗತಿಯಲ್ಲಿ ಹೇಳಿದ್ದನ್ನು ಮಂಚದ ಪಕ್ಕದಲ್ಲಿ ಮಾಡಿ ತೋರಿಸಬೇಕು. ನಮ್ಮ ಸೆಮಿನಾರುಗಳಲ್ಲಿ ಇದರ ಉಲ್ಲೇಖ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆಮೇಲೆ ಮೇಡಂಗಳು ಕಾರಿಗೆ, ಸಿಸ್ಟರುಗಳು ನೈಟ್ ಡ್ಯೂಟಿಗೆ.

ಕಾಲೇಜು ಶುರು ಮಾಡಲು ನೂರು ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎಂಬ ನಿಯಮವೂ ಇದೆ. ‘ಪೇರೆಂಟ್ ಹಾಸ್ಪಿಟಲ್’ ಎನ್ನುತ್ತಾರೆ. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂಥ, ಮೆಡಿಕಲ್ ಕಾಲೇಜಿಗೇ ಸಾಕಾಗುವ ದೊಡ್ಡ ಆಸ್ಪತ್ರೆ ಹಿಂದಿದ್ದವರ ಮಾತು ಬೇರೆ ಬಿಡಿ. ಉಳಿದವರ ತಂದೆ ತಾಯಿ ಯಾರೆಂದು ಕೇಳಿ ನೋಡಿ. ಇನ್‌ಸ್ಪೆಕ್ಷನ್ ಇದ್ದ ದಿನ ಹಾಸಿಗೆಗಳು ಟೆಂಪೊದಲ್ಲಿ ಬರುತ್ತವೆ. ಹಾಸಿಗೆಯ ಮೇಲೆ ಮಲಗುವವರೂ ಟೆಂಪೊದಲ್ಲೇ ಬರುತ್ತಾರೆ, ನಾಷ್ಟಾ ಮತ್ತು ಒಂದು ದಿನದ ಪಗಾರಕ್ಕೆ. ಜನ್ಮದಲ್ಲಿ ಜ್ವರ ಕಾಣದವನೂ ಅವತ್ತು ನರಳುತ್ತಾನೆ. ಪಾಪ, ಅವನೊಬ್ಬನೇ ಕೆಲಸ ನೆಟ್ಟಗೆ ಮಾಡಿದವನು.

ಸ್ವಂತದ್ದು ಇಲ್ಲದವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಸರಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ತಲೆಗಿಷ್ಟು ಅಂತ ಶುಲ್ಕ ಕಟ್ಟುತ್ತಾರೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಇರಬೇಕು ಎಂಬುದು ನಿಯಮ. ಮುದುಕನ ತೋಳಿಗೆ ಹನ್ನೊಂದು ಮಂದಿ ಹೇಗಾದರು ಎಂದು ಈಗ ತಿಳಿಯಿತಲ್ಲ.

ಇದು ಹಗಲಿನ ಲೆಕ್ಕ. ರಾತ್ರಿಯ ಲೆಕ್ಕ ತಿರುಗಾಮುರುಗಾ. ಕಲಿಸುವ ಆಸ್ಪತ್ರೆಯಲ್ಲಿ ಮೂರು ರೋಗಿಗೊಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೊಬ್ಬ ನರ್ಸ್ ಎಂದು ಕೌನ್ಸಿಲ್ಲಿನ ಮಾನದಂಡ ಹೇಳುತ್ತದೆ. ರಾತ್ರಿ ಹತ್ತರ ಮೇಲೆ ಯಾವುದಾದರೂ ಖಾಸಗಿ ಆಸ್ಪತ್ರೆಗೆ ಹೋಗಿ ಎಣಿಸಿ. ಮಾನದಂಡ ಮನೆಗೆ ಹೋಗಿ ಮಲಗಿರುತ್ತದೆ. ಇಡೀ ಮಹಡಿಗೆ ಒಬ್ಬ ಸಿಸ್ಟರ್, ಅವಳ ಜೊತೆಗೆ ಎರಡನೇ ವರ್ಷದ ಇಬ್ಬರು ಮಕ್ಕಳು. ಹಗಲು ಬಾಟ್ಲಿ ಮುಟ್ಟಬೇಡ ಎನಿಸಿಕೊಂಡ ಹುಡುಗಿಯೇ ರಾತ್ರಿ ಐಸಿಯುನಲ್ಲಿ ಒಬ್ಬಳೇ ಕೂತಿರುತ್ತಾಳೆ. ಕೆಲಸ ಹೇಳುವಾಗ ಅವಳು ‘ಸಿಸ್ಟರ್’. ಸಂಬಳ ಕೇಳಿದರೆ ‘ಸ್ಟೂಡೆಂಟ್’. ರೋಗಿ ಸತ್ತರೆ ಮತ್ತೆ ‘ಸಿಸ್ಟರ್’.

ಔಷಧ ಕೊಡುವಾಗ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ ಎಂದು ಶುರುವಾಗುವ ಪಟ್ಟಿಯನ್ನು ಅವಳು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದಾಳೆ. ಅಲ್ಲಿ ನೋಡಿದರೆ ಟ್ರೇನಲ್ಲಿ ಎಲ್ಲರ ಸಿರಿಂಜೂ ಮೊದಲೇ ತುಂಬಿ ಸಾಲಾಗಿ ಇಟ್ಟಿದೆ. ಮೇಲೆ ಹೆಸರಿಲ್ಲ, ಬೆಡ್ ನಂಬರ್. ಏಳನೇ ಬೆಡ್ಡಿನವನು ಫ್ಯಾನ್ ಗಾಳಿ ಬರುವುದಿಲ್ಲ ಎಂದು ಒಂಬತ್ತಕ್ಕೆ ಹೋಗಿ ಮಲಗಿದ್ದಾನೆ. ತುರ್ತು ಔಷಧಗಳ ಟ್ರಾಲಿಗೆ ಬೀಗ. ಕೀಲಿ ಇನ್‌ಚಾರ್ಜ್ ಕಡೆಗೆ. ಇನ್‌ಚಾರ್ಜ್ ಬೆಳಿಗ್ಗೆ ಬರುತ್ತಾರೆ. ರೋಗಿಯೂ ಬೆಳಗಿನ ತನಕ ತಡೆಯಬೇಕು.

ಊರೊಳಗಿನ ಪೋಸ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾದಾಮಿ ತಾಲ್ಲೂಕಿನ ಒಂದು ಹಳ್ಳಿ. ಗುಡಿಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿ, ಗ್ಲಿಟರ್ ಪೆನ್ನಿನಲ್ಲಿ ಅಲಂಕರಿಸಿದ ಚಾರ್ಟ್ ಹಿಡಿದು ಅತಿಸಾರದ ಮೇಲೆ ಭಾಷಣ. ಚಾರ್ಟ್ ಪೂರ್ತಿ ಇಂಗ್ಲಿಷ್, ಯಾಕೆಂದರೆ ಮಾರ್ಕ್ಸ್ ಕೊಡುವ ಮೇಡಂ ಇಂಗ್ಲಿಷ್ ಬೇಕೆಂದಿದ್ದಾರೆ. ಹೇಳುವ ಹುಡುಗಿ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವಳು, ಕೇಳುವವರು ಕನ್ನಡದವರು, ಅತಿಸಾರವೂ ಸ್ಥಳೀಯದ್ದೇ. ನಡುವೆ ಒಂದು ಇಂಗ್ಲಿಷ್ ಚಾರ್ಟ್. ಕೊನೆಗೆ ಒಬ್ಬಾಕಿ ಕೇಳಿದಳು, “ಗುಳಿಗಿ ಕೊಡಂಗಿಲ್ಲೇನ್ರಿ?” ಫೋಟೊ ತೆಗೆದು ಎಲ್ಲರೂ ಬಸ್ ಹತ್ತಿದರು. ಫೋಟೊ ಫೈಲಿಗೆ.

ಇಷ್ಟೆಲ್ಲ ದಾಟಿ ಸರಕಾರಿ ನೌಕರಿಗೆ ಸೇರಿದವರು ಬಹಳ ಬುದ್ಧಿವಂತರಾಗಿರುತ್ತಾರೆ ಎಂದುಕೊಂಡಿರಾ? ಹಾವೇರಿ ಜಿಲ್ಲೆಯ ಆಡೂರಿಗೆ ಹೋಗೋಣ. 2025ರ ಜನವರಿ. ಹಾನಗಲ್ ತಾಲ್ಲೂಕಿನ ಆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಏಳು ವರ್ಷದ ಹುಡುಗನನ್ನು ತಂದರು, ಕೆನ್ನೆಯಲ್ಲಿ ಆಳವಾದ ಗಾಯ. ಅಲ್ಲಿನ ನರ್ಸ್ ಹೊಲಿಗೆ ಹಾಕಲಿಲ್ಲ. ಫೆವಿಕ್ವಿಕ್ ಹಚ್ಚಿದರು. ಪಾಲಕರು ದಂಗಾಗಿ ಕೇಳಿದರೆ, ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ, ನಾನು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ ಎಂಬ ಸಮಾಧಾನದ ಉತ್ತರ. ಪಾಲಕರು ವಿಡಿಯೊ ಮಾಡಿದರು.

ಇಲಾಖೆ ಏನು ಮಾಡಿತು? ಮೊದಲು ವರ್ಗಾವಣೆ, ಗುತ್ತಲಕ್ಕೆ. ಆಡೂರಿನ ಕೆನ್ನೆಗೆ ಹಿಡಿಯದ ಗೋಂದು ಗುತ್ತಲದ ಕೆನ್ನೆಗೆ ಹಿಡಿಯಬಹುದು ಎಂಬ ವೈಜ್ಞಾನಿಕ ಲೆಕ್ಕ ಇರಬೇಕು. ಗದ್ದಲ ಜೋರಾದ ಮೇಲೆ ಫೆಬ್ರವರಿಯಲ್ಲಿ ಅಮಾನತು.

ಎಲ್ಲರೂ ಆ ನರ್ಸನ್ನು ನೋಡಿ ನಕ್ಕರು. ನನಗೆ ಸಿಟ್ಟು ಬಂದದ್ದು ಒಂದೇ ಮಾತಿಗೆ: ವರ್ಷಗಳಿಂದ. ಅಂದರೆ ವರ್ಷಗಳಿಂದ ಅವರ ಪಕ್ಕದಲ್ಲಿ ನಿಂತು ನೋಡುವವರು ಇರಲಿಲ್ಲ. ಗಾಯಕ್ಕೆ ಹಚ್ಚುವ ವೈದ್ಯಕೀಯ ಅಂಟು ಎಂಬುದು ನಿಜವಾಗಿಯೂ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಅದಕ್ಕೂ ಕಿರಾಣಿ ಅಂಗಡಿಯ ಟ್ಯೂಬಿಗೂ ಇರುವ ವ್ಯತ್ಯಾಸವನ್ನು ಯಾರಾದರೂ ಒಮ್ಮೆ ಹೇಳಬೇಕಿತ್ತು. ಹೇಳಬೇಕಾದವರು ಆಗಲೇ ಅವರ ಪುಸ್ತಕಕ್ಕೆ ಸಹಿ ಹಾಕಿ ಮುಗಿಸಿದ್ದರು.

ಮೇಲೆ ಕೇಳುವವರಿಲ್ಲವೇ? ಇದ್ದಾರೆ, ಬೇಕಾದಷ್ಟು. ಭಾರತೀಯ ನರ್ಸಿಂಗ್ ಕೌನ್ಸಿಲ್, 1947ರ ಕಾಯ್ದೆಯದ್ದು. ರಾಜ್ಯ ನರ್ಸಿಂಗ್ ಕೌನ್ಸಿಲ್. ಡಿಪ್ಲೊಮಾಕ್ಕೆ ಪ್ರತ್ಯೇಕ ಪರೀಕ್ಷಾ ಮಂಡಳಿ. ಡಿಗ್ರಿಗೆ 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇಷ್ಟು ಮಂದಿ ಕಾಯುವ ಹೊಲದಲ್ಲಿ ಬೆಳೆ ಯಾಕೆ ಹೀಗಿದೆ? ಅವರು ಹೊಲ ಯಾರದೆಂದು ಜಗಳವಾಡುತ್ತಿದ್ದರು. ರಾಜ್ಯದ ಕಾಲೇಜುಗಳಿಗೆ ದೆಹಲಿಯ ಕೌನ್ಸಿಲ್ಲಿನ ಮಾನ್ಯತೆ ಬೇಕೋ ಬೇಡವೋ ಎಂಬ ವ್ಯಾಜ್ಯ ಹೈಕೋರ್ಟಿಗೆ ಹೋಗಿ, ಬೇಡ ಎಂಬ ತೀರ್ಪು 2017ರಲ್ಲಿ ಬಂತು. ಕಾಲೇಜು ನಡೆಸುವವರು ಪಟಾಕಿ ಹೊಡೆಯುವ ಸಂಭ್ರಮದಲ್ಲಿದ್ದರೆ, ಕೇರಳದಿಂದ ಬಂದು ಇಲ್ಲಿ ಓದುತ್ತಿದ್ದ ಮಕ್ಕಳು ನಮ್ಮ ಸರ್ಟಿಫಿಕೇಟ್ ಹೊರಗೆ ನಡೆಯುತ್ತದೆಯೇ ಎಂದು ಕಂಗಾಲಾದರು. ಆ ಇಡೀ ವ್ಯಾಜ್ಯದಲ್ಲಿ ಹಾಸಿಗೆಯ ಮೇಲೆ ಮಲಗಿದವನ ಸುದ್ದಿ ಇರಲಿಲ್ಲ. 2023ರಲ್ಲಿ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಸಂಸತ್ತು ಒಪ್ಪಿತು. ಬೋರ್ಡು ಬರೆಯುವವರಿಗೆ ಕೆಲಸ ಸಿಗುತ್ತದೆ.

ಇನ್‌ಸ್ಪೆಕ್ಷನ್ ಬಿಗಿ ಮಾಡಿ ಎನ್ನುತ್ತೀರಾ? ಮಧ್ಯಪ್ರದೇಶದಲ್ಲಿ ಬಿಗಿ ಮಾಡಿದರು. ಅಲ್ಲಿನ ನರ್ಸಿಂಗ್ ಕಾಲೇಜುಗಳ ಬಣ್ಣ ಬಯಲಾದಾಗ ಹೈಕೋರ್ಟ್ ಸಿಬಿಐಗೇ ತಪಾಸಣೆ ಒಪ್ಪಿಸಿತು. 2024ರ ಮೇ ತಿಂಗಳಲ್ಲಿ ಸಿಬಿಐ ತನ್ನದೇ ಇನ್‌ಸ್ಪೆಕ್ಟರನ್ನು ಬಂಧಿಸಿತು. ಕಾಲೇಜು ಸರಿಯಿದೆ ಎಂದು ವರದಿ ಕೊಡಲು ಲಂಚ ತೆಗೆದುಕೊಂಡ ಆರೋಪ. ಇನ್ನು ಸಿಬಿಐ ತಪಾಸಣೆಗೆ ಯಾರನ್ನು ಕಳಿಸೋಣ? ಬಾದಾಮಿಯ ಬನಶಂಕರಿ ದೇವಿಯನ್ನೇ ಕರೆಯಬೇಕು. ಆಕೆಗೂ ಮೊದಲು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗೆಸ್ಟ್ ಹೌಸಿನಲ್ಲಿ ಊಟ ಹಾಕಿ ಕಳಿಸುತ್ತಾರೆ.

ಸಂಬಳದ ಮಾತು. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಕೇಂದ್ರ ಒಂದು ಸಮಿತಿ ಮಾಡಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ನರ್ಸಿಗೆ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಕಮ್ಮಿ ಕೊಡಬಾರದು, ಇನ್ನೂರು ದಾಟಿದರೆ ಸರಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಆ ಸಮಿತಿ ಹೇಳಿತು. ಇದನ್ನು ತಾಲ್ಲೂಕಿನ ಯಾವುದಾದರೂ ನರ್ಸಿಂಗ್ ಹೋಮ್ ಮಾಲೀಕರ ಮುಂದೆ ಗಟ್ಟಿಯಾಗಿ ಓದಿ. ಅವರು ನಿಮಗೆ ಚಹಾ ತರಿಸುತ್ತಾರೆ. ಅಷ್ಟು ನಗು ಅವರಿಗೆ ಬಹಳ ದಿನದಿಂದ ಬಂದಿರುವುದಿಲ್ಲ. ಓದಿ ಬಂದವಳು ದುಬಾರಿ. ಪಿಯುಸಿ ಫೇಲಾದ ಹುಡುಗಿಗೆ ಆರು ತಿಂಗಳು ಸೂಜಿ ಚುಚ್ಚಲು ಕಲಿಸಿ ಅದೇ ಬಣ್ಣದ ಡ್ರೆಸ್ ಹಾಕಿ ನಿಲ್ಲಿಸಿದರೆ, ಹಳ್ಳಿಯಿಂದ ಬಂದವರು ಅವಳಿಗೂ ಸಿಸ್ಟರ್ ಅಂತಲೇ ಕೈಮುಗಿಯುತ್ತಾರೆ.

ಓದಿ ಬಂದವಳು ಏನು ಮಾಡುತ್ತಾಳೆ? ಇಳಕಲ್ಲಿನಲ್ಲಿ ಅಪ್ಪ ಮಗ್ಗ ಅಡವಿಟ್ಟು ಫೀ ಕಟ್ಟಿದ್ದಾನೆ. ಅವಳು ಬೆಂಗಳೂರಿಗೆ ಹೋಗುತ್ತಾಳೆ, ಅಲ್ಲಿಂದ ಜರ್ಮನ್ ಭಾಷೆಯ ಕ್ಲಾಸಿಗೆ. ಜರ್ಮನಿಗೆ ಹೋದ ಮೇಲೆ ಅಲ್ಲಿನವರು ಇವಳ ಪುಸ್ತಕವನ್ನಾಗಲಿ ಅದರಲ್ಲಿನ ಸಹಿಯನ್ನಾಗಲಿ ನಂಬಿ ಕೂರುವುದಿಲ್ಲ. ಕಮ್ಮಿ ಬಿದ್ದದ್ದನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ, ಇಲ್ಲವೇ ಪರೀಕ್ಷೆ ಇಟ್ಟು ನೋಡುತ್ತಾರೆ. ಬಾಗಲಕೋಟೆಯಲ್ಲಿ ಫೀ ಕಟ್ಟಿ ಕಲಿಯದ್ದನ್ನು ಅವಳು ಅಲ್ಲಿ ಸಂಬಳ ತೆಗೆದುಕೊಂಡು ಕಲಿಯುತ್ತಾಳೆ.

ಇಲ್ಲಿ ಮೇ 12 ಬರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಆಕೆ ಕ್ರಿಮಿಯದ ಯುದ್ಧದಲ್ಲಿ ರಾತ್ರಿ ದೀಪ ಹಿಡಿದು ಗಾಯಾಳುಗಳ ಹತ್ತಿರ ಹೋದಳು. ನಮ್ಮ ಮಕ್ಕಳು ಹಗಲು ಹನ್ನೊಂದಕ್ಕೆ ಮೇಣದ ಬತ್ತಿ ಹಿಡಿದು ಮುಖ್ಯ ಅತಿಥಿಗಳಿಗಾಗಿ ಕಾಯುತ್ತಾರೆ. ವೇದಿಕೆಯ ಮೇಲೆ ಶಾಸಕರು, ಸ್ವಾಮೀಜಿ, ಸಂಸ್ಥೆಯ ಅಧ್ಯಕ್ಷರು, ಅಧ್ಯಕ್ಷರ ಮಗ. ಇಪ್ಪತ್ತು ವರ್ಷ ಸೂಜಿ ಹಿಡಿದ ಸಿಸ್ಟರ್ ಅಲ್ಲಿಲ್ಲ, ಅವರಿಗೆ ಡ್ಯೂಟಿ. ಕೂಡಲಸಂಗಮ ಇರುವುದು ಹುನಗುಂದ ತಾಲ್ಲೂಕಿನಲ್ಲೇ, ಆದ್ದರಿಂದ ಭಾಷಣದಲ್ಲಿ ಕಾಯಕದ ಮಾತು ಬಂದೇ ಬರುತ್ತದೆ. ಕಾಯಕ ಮಾಡಿದವರಿಗೆ ಕೂಲಿ ಕೊಡುವ ಮಾತು ಬರುವುದಿಲ್ಲ. ಕೊರೊನಾ ಕಾಲದಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿದದ್ದನ್ನು ಯಾರಾದರೊಬ್ಬರು ನೆನಪಿಸುತ್ತಾರೆ. ಕೆಳಗೆ ನಿಂತ ನರ್ಸುಗಳು ಕೇಳಿದ್ದು ಎನ್95 ಮಾಸ್ಕ್.

ಜರ್ಮನಿಗೆ ಹೋದವಳ ಫೋಟೊ ಈಗ ಕಾಲೇಜಿನ ಫ್ಲೆಕ್ಸಿನ ಮೇಲಿದೆ. ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’. ಕೆಳಗೆ ‘ಪ್ರವೇಶ ಆರಂಭವಾಗಿದೆ, ಹಾಸ್ಟೆಲ್ ಸೌಲಭ್ಯವುಂಟು, ಬ್ಯಾಂಕ್ ಸಾಲಕ್ಕೆ ಸಹಾಯ ಮಾಡಲಾಗುವುದು’. ಆಸ್ಪತ್ರೆಯ ಹೆಸರು ಎಲ್ಲಿಯೂ ಕಾಣಲಿಲ್ಲ. ಫೋನ್ ಮಾಡಿ ಹಾಜರಾತಿ ಎಷ್ಟಿರಬೇಕು ಎಂದು ಕೇಳಿದೆ.

“ಅದೇನ್ ದೊಡ್ಡ ಮಾತಲ್ರಿ ಸರ. ನೀವು ಮೊದಲ ಫೀ ಕಟ್ರಿ. ಅಟೆಂಡೆನ್ಸ್ ನಾವ್ ನೋಡ್ಕೋತೀವಿ.”